ಗೆಲ್ಲೋಕೆ 67 ಸಾಕಾ, 89 ಬೇಕಾ? ಪೋಪ್ ಆಯ್ಕೆಯ ನಿಯಮ ಬದಲಾದ ಕಥೆ

2025ರ ಮೇ 8ರ ಸಂಜೆ ಸಿಸ್ಟೀನ್ ಚಾಪೆಲ್‌ನ ಚಿಮಣಿಯಿಂದ ಬಿಳಿ ಹೊಗೆ ಬಂತು. 133 ಕಾರ್ಡಿನಲ್‌ಗಳು ಎರಡೇ ದಿನದಲ್ಲಿ, ನಾಲ್ಕೇ ಸುತ್ತಿನ ಮತದಾನದಲ್ಲಿ ಅಮೆರಿಕ ಮೂಲದ ರಾಬರ್ಟ್ ಪ್ರೆವೋಸ್ಟ್ ಅವರನ್ನು ಆರಿಸಿದ್ದರು. ಅವರು 14ನೇ ಲಿಯೋ ಆದರು. ಅದಕ್ಕೂ ಮುಂಚಿನ ಎರಡು ವಾರ ಎಲ್ಲೆಡೆ ಹೆಸರುಗಳದ್ದೇ ಚರ್ಚೆ. ಇಟಲಿಯ ಪರೋಲಿನ್ ಬರ್ತಾರಾ, ಫಿಲಿಪೀನ್ಸ್‌ನ ಟಾಗ್ಲೆ ಬರ್ತಾರಾ, ಈ ಸಲ ಆಫ್ರಿಕಾಕ್ಕೆ ಸಿಗುತ್ತಾ ಅಂತ. ನನ್ನ ಕುತೂಹಲ ಮಾತ್ರ ಒಂದು ಸಂಖ್ಯೆಯ ಮೇಲಿತ್ತು: 89.

133ರಲ್ಲಿ ಮೂರನೇ ಎರಡರಷ್ಟು ಅಂದ್ರೆ 89. ಅಷ್ಟು ಮತ ಬೀಳದೆ ಯಾರೂ ಪೋಪ್ ಆಗುವಂತಿಲ್ಲ. ಮೊದಲ ಸುತ್ತಲ್ಲೂ ಮೂರನೇ ಎರಡರಷ್ಟು, ನಲವತ್ತನೇ ಸುತ್ತಲ್ಲೂ ಮೂರನೇ ಎರಡರಷ್ಟು. ಆದರೆ 1996ರಿಂದ 2007ರವರೆಗೆ, ಹನ್ನೊಂದು ವರ್ಷ, ನಿಯಮ ಹೀಗಿರಲಿಲ್ಲ. ಆ ನಿಯಮ ಈಗಲೂ ಇದ್ದಿದ್ದರೆ ಒಂದು ಹಂತ ದಾಟಿದ ಮೇಲೆ 67 ಮತಕ್ಕೇ ಆಟ ಮುಗಿಯುತ್ತಿತ್ತು.

ಅಂತರ ಬರೀ 22 ಮತ. ಆದರೆ ಒಂದು ಚುನಾವಣೆಯ ಇಡೀ ಸ್ವಭಾವ ಆ 22ರಲ್ಲಿದೆ ಅನ್ನೋದು ನನ್ನ ವಾದ. 67 ಮತ ಸಾಕು ಅಂದ್ರೆ ಗೆಲ್ಲುವವರು ತಮ್ಮವರನ್ನು ಹಿಡಿದಿಟ್ಟುಕೊಂಡರೆ ಆಯ್ತು. 89 ಬೇಕು ಅಂದ್ರೆ ಎದುರು ಗುಂಪಿನ ಬಳಿಯೂ ಹೋಗಬೇಕು, ಕೂತು ಮಾತಾಡಬೇಕು, ಏನಾದರೂ ಬಿಟ್ಟುಕೊಡಬೇಕು.

ಸೋತವರ ಬಾಯಿ ಮುಚ್ಚಿಸಲು ಬಂದ ನಿಯಮ

ಮೂರನೇ ಎರಡರಷ್ಟು ಅನ್ನೋ ಲೆಕ್ಕ ಧರ್ಮಗ್ರಂಥದಿಂದ ಬಂದದ್ದಲ್ಲ, ಜಗಳದಿಂದ ಬಂದದ್ದು. 1059ರಲ್ಲಿ ಪೋಪ್ ಎರಡನೇ ನಿಕೋಲಸ್ ಆಯ್ಕೆಯ ಮುಖ್ಯ ಅಧಿಕಾರವನ್ನು ಕಾರ್ಡಿನಲ್‌ಗಳ ಕೈಗೆ ಕೊಟ್ಟರು. ಅದಕ್ಕೂ ಮೊದಲು ರೋಮ್‌ನ ಪಾದ್ರಿಗಳು, ಜನ, ಶ್ರೀಮಂತ ಮನೆತನಗಳು, ಚಕ್ರವರ್ತಿಗಳು ಎಲ್ಲರೂ ಇದರಲ್ಲಿ ಕೈಹಾಕುತ್ತಿದ್ದರು. ಆಯ್ಕೆದಾರರು ಯಾರು ಅನ್ನೋದು ತೀರ್ಮಾನವಾಯ್ತು, ಎಷ್ಟು ಮತ ಬೇಕು ಅನ್ನೋದು ಆಗಲಿಲ್ಲ. ಕಡಿಮೆ ಮತ ಬಿದ್ದ ಗುಂಪು ‘ನಾವು ಸಂಖ್ಯೆಯಲ್ಲಿ ಕಡಿಮೆ ಇರಬಹುದು, ವಿವೇಕದಲ್ಲಿ ಹೆಚ್ಚು’ ಅಂತ ವಾದಿಸಲು ಜಾಗ ಇತ್ತು. 1130ರಲ್ಲಿ ಇಬ್ಬರು ಪೋಪ್‌ಗಳಾದರು. 1159ರಲ್ಲಿ ಮತ್ತೆ ಇಬ್ಬರು.

1159ರಲ್ಲಿ ಹೆಚ್ಚು ಮತ ಪಡೆದಿದ್ದ ಮೂರನೇ ಅಲೆಕ್ಸಾಂಡರ್ ಆ ಒಡಕನ್ನು ಹದಿನೆಂಟು ವರ್ಷ ಅನುಭವಿಸಿದರು. ಅದು ಮುಗಿದ ಮೇಲೆ, 1179ರ ಮೂರನೇ ಲ್ಯಾಟರನ್ ಮಹಾಸಭೆಯಲ್ಲಿ, ಮೂರನೇ ಎರಡರಷ್ಟು ಮತ ಬಿದ್ದವರೇ ಪೋಪ್ ಅಂತ ಶಾಸನ ಮಾಡಿಸಿದರು. ಎದುರಾಳಿಯ ಎರಡು ಪಟ್ಟು ಜನ ಒಬ್ಬರ ಹಿಂದೆ ನಿಂತ ಮೇಲೆ ‘ನಾವೇ ನಿಜವಾದ ಚರ್ಚ್’ ಅನ್ನೋ ಧೈರ್ಯ ಯಾರಿಗೂ ಬರಬಾರದು ಅನ್ನೋದು ಲೆಕ್ಕಾಚಾರ.

ಈ ನಿಯಮಕ್ಕೂ ಬೆಲೆ ಇತ್ತು. ಪಟ್ಟು ಹಿಡಿದ ಮೂರನೇ ಒಂದು ಭಾಗ ಇಡೀ ಚುನಾವಣೆಯನ್ನು ನಿಲ್ಲಿಸಬಹುದು. 1268ರ ಕೊನೆಗೆ ಇಟಲಿಯ ವಿಟರ್ಬೋ ಪಟ್ಟಣದಲ್ಲಿ ಶುರುವಾದ ಆಯ್ಕೆ 1271ರ ಸೆಪ್ಟೆಂಬರ್‌ವರೆಗೆ ಎಳೆಯಿತು. ರೋಸಿಹೋದ ಊರಿನವರು ಕಾರ್ಡಿನಲ್‌ಗಳನ್ನು ಕಟ್ಟಡದೊಳಗೆ ಕೂಡಿಹಾಕಿದರು, ಊಟ ಕಡಿಮೆ ಮಾಡಿದರು, ಮೇಲಿನ ಸೂರನ್ನೇ ಕಿತ್ತರು ಅನ್ನುತ್ತವೆ ಅಂದಿನ ಕಥೆಗಳು. ಕೊನೆಗೆ ಆಯ್ಕೆಯಾದ ಹತ್ತನೇ ಗ್ರೆಗರಿ ಕಾರ್ಡಿನಲ್ಲೇ ಆಗಿರಲಿಲ್ಲ, ಊರಲ್ಲೂ ಇರಲಿಲ್ಲ. 1274ರಲ್ಲಿ ಲಿಯಾನ್ ಮಹಾಸಭೆಯಲ್ಲಿ ಅವರೇ ‘ಕಾನ್‌ಕ್ಲೇವ್’ ಪದ್ಧತಿಗೆ ಕಾನೂನಿನ ರೂಪ ಕೊಟ್ಟರು. ಎಲ್ಲರೂ ಒಂದೇ ಕಡೆ ಬೀಗದೊಳಗೆ. ಮೂರು ದಿನದಲ್ಲಿ ಆಯ್ಕೆ ಆಗದಿದ್ದರೆ ಹೊತ್ತಿಗೆ ಒಂದೇ ಬಗೆಯ ಅಡುಗೆ. ಇನ್ನೂ ಐದು ದಿನ ಕಳೆದರೆ ಬರೀ ಬ್ರೆಡ್ಡು, ನೀರು, ವೈನು.

ಇಲ್ಲಿ ಒಂದು ವಿಷಯ ಗಮನಿಸಿ. ಕಗ್ಗಂಟು ಬಿಡಿಸಲು ಗ್ರೆಗರಿ ಬೇಕಾದ ಮತಗಳ ಸಂಖ್ಯೆಯನ್ನು ಇಳಿಸಲಿಲ್ಲ, ಮತ ಹಾಕುವವರ ಹೊಟ್ಟೆಯ ಮೇಲೆ ಒತ್ತಡ ತಂದರು.

1996: ಕಾಯುವವರಿಗೆ ಬಾಗಿಲು ತೆರೆದಾಗ

ಮುಂದಿನ ಏಳುನೂರು ವರ್ಷಗಳಲ್ಲಿ ಸಣ್ಣಪುಟ್ಟ ಬದಲಾವಣೆ ಸಾಕಷ್ಟಾದವು. 1621ರಲ್ಲಿ ಗುಪ್ತ ಮತಪತ್ರ ಕಡ್ಡಾಯವಾಯ್ತು, ತನಗೆ ತಾನೇ ಮತ ಹಾಕುವಂತಿಲ್ಲ ಎಂದಾಯ್ತು. 1903ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಒಬ್ಬ ಪ್ರಬಲ ಅಭ್ಯರ್ಥಿಗೆ ವೀಟೋ ಹಾಕಿದ. ಮರುವರ್ಷವೇ ಹೊಸ ಪೋಪ್ ಹತ್ತನೇ ಪಯಸ್ ಅಂಥ ವೀಟೋವನ್ನು ನಿಷೇಧಿಸಿದರು. 1945ರಲ್ಲಿ ಹನ್ನೆರಡನೇ ಪಯಸ್ ಮೂರನೇ ಎರಡರ ಮೇಲೆ ಇನ್ನೊಂದು ಮತ ಸೇರಿಸಿದರು. ಯಾರಾದರೂ ತನ್ನ ಮತದಿಂದಲೇ ಗೆದ್ದರೆ ಅನ್ನೋ ಅನುಮಾನಕ್ಕೆ ಅದು ಉತ್ತರ. ಮೂಲ ಲೆಕ್ಕ ಮಾತ್ರ ಅಲ್ಲಾಡಲಿಲ್ಲ.

ಅದನ್ನು ಅಲ್ಲಾಡಿಸಿದ್ದು ಪೋಪ್ ಎರಡನೇ ಜಾನ್ ಪಾಲ್, 1996ರ ಫೆಬ್ರವರಿಯಲ್ಲಿ ಹೊರಡಿಸಿದ ‘ಯೂನಿವರ್ಸಿ ಡೊಮಿನಿಚಿ ಗ್ರೆಜಿಸ್’ ಎಂಬ ಶಾಸನದ 75ನೇ ಪರಿಚ್ಛೇದದಲ್ಲಿ. ಸುಮಾರು 33 ಸುತ್ತು ಮತದಾನ ಮುಗಿದರೂ, ಅಂದರೆ ಹೆಚ್ಚುಕಡಿಮೆ ಎರಡು ವಾರ ಕಳೆದರೂ, ಯಾರೂ ಆಯ್ಕೆಯಾಗದಿದ್ದರೆ ಮುಂದೇನು ಅಂತ ಕಾರ್ಡಿನಲ್‌ಗಳೇ ತೀರ್ಮಾನಿಸಬಹುದು. ಅರ್ಧಕ್ಕಿಂತ ಹೆಚ್ಚು ಮತ ಪಡೆದವರು ಗೆದ್ದಂತೆ ಅನ್ನಬಹುದು. ಇಲ್ಲವೇ ಮುಂಚೂಣಿಯ ಇಬ್ಬರ ನಡುವೆ ಸ್ಪರ್ಧೆ ಇಟ್ಟು, ಅಲ್ಲೂ ಅರ್ಧಕ್ಕಿಂತ ಹೆಚ್ಚು ಸಾಕು ಅನ್ನಬಹುದು. ಈ ತೀರ್ಮಾನಕ್ಕೂ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಆಯ್ತು.

ಆರನೇ ಪಾಲ್ ಅವರ 1975ರ ನಿಯಮದಲ್ಲೂ ಇಂಥ ದಾರಿ ಇತ್ತು. ಆದರೆ ಆಗ ಎಲ್ಲ ಕಾರ್ಡಿನಲ್‌ಗಳೂ ಒಬ್ಬರೂ ಬಿಡದೆ ಒಪ್ಪಬೇಕಿತ್ತು. 1996ರಲ್ಲಿ ಬದಲಾದ ಅಸಲು ಸಂಗತಿ ಇದು: ಅಲ್ಪಸಂಖ್ಯಾತರ ಒಪ್ಪಿಗೆ ಇಲ್ಲದೆಯೇ ಅವರ ಕೈಲಿದ್ದ ತಡೆಯನ್ನು ತೆಗೆಯುವ ಅಧಿಕಾರ ಬಹುಸಂಖ್ಯಾತರಿಗೆ ಸಿಕ್ಕಿತು.

‘33 ಸುತ್ತು ಯಾರು ಕಾಯ್ತಾರೆ? ಇತ್ತೀಚಿನ ಕಾನ್‌ಕ್ಲೇವ್‌ಗಳೆಲ್ಲ ಎರಡು-ಮೂರು ದಿನದಲ್ಲಿ ಮುಗಿದಿವೆ’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ನಿಯಮ ಕೆಲಸ ಮಾಡಲು ಅದು ಬಳಕೆಯಾಗಲೇಬೇಕು ಅಂತಿಲ್ಲ. ಎರಡನೇ ಸುತ್ತಿನಲ್ಲೇ ನಿಮ್ಮ ಅಭ್ಯರ್ಥಿಗೆ ಅರ್ಧ ದಾಟಿದೆ ಅಂದುಕೊಳ್ಳಿ. ಹಳೆಯ ನಿಯಮದಲ್ಲಿ ನೀವಿನ್ನೂ ಗೆದ್ದಿಲ್ಲ, ಹೋಗಿ ಮನವೊಲಿಸಬೇಕು. ಹೊಸ ನಿಯಮದಲ್ಲಿ ನೀವು ಗೆದ್ದಾಯ್ತು, ಎರಡು ವಾರ ಗಟ್ಟಿಯಾಗಿ ಕೂತರೆ ಸಾಕು. ಇದು ನಿಮಗೂ ಗೊತ್ತು, ಎದುರಿನವರಿಗೂ ಗೊತ್ತು. ಹೇಗಿದ್ದರೂ ಸೋಲುವುದೇ ಆದರೆ, ಚರ್ಚ್ ಒಡೆದಿದೆ ಅನ್ನೋ ಸುದ್ದಿ ಜಗತ್ತಿಗೆಲ್ಲ ಹರಡುವಂತೆ ಎರಡು ವಾರ ಅಡ್ಡ ನಿಲ್ಲುವುದು ಯಾಕೆ ಅಂತ ಅವರು ಮೊದಲ ದಿನವೇ ಕೈಬಿಡುತ್ತಾರೆ. 34ನೇ ಸುತ್ತಿಗೆ ಬರೆದ ನಿಯಮ ಎರಡನೇ ಸುತ್ತಿನ ಫಲಿತಾಂಶವನ್ನು ಬದಲಿಸುವುದು ಹೀಗೆ.

ಇನ್ನೊಂದು ವಿಚಿತ್ರ ಇದೆ. ಅದೇ 1996ರ ಶಾಸನದಲ್ಲಿ ಕಾರ್ಡಿನಲ್‌ಗಳ ವಾಸ್ತವ್ಯ ಅರಮನೆಯ ಇಕ್ಕಟ್ಟಾದ ತಾತ್ಕಾಲಿಕ ಕೋಣೆಗಳಿಂದ ಹೊಸದಾಗಿ ಕಟ್ಟಿದ ಸಾಂತಾ ಮಾರ್ತಾ ಅತಿಥಿಗೃಹಕ್ಕೆ ಬದಲಾಯ್ತು. ವಯಸ್ಸಾದವರಿಗೆ ಒಳ್ಳೆ ಹಾಸಿಗೆ, ಸ್ನಾನದ ಮನೆ ಕೊಟ್ಟಿದ್ದು ತಪ್ಪೇನಲ್ಲ. ಆದರೆ ಹದಿಮೂರನೇ ಶತಮಾನದ ಸೂತ್ರ ತಲೆಕೆಳಗಾಯ್ತು ನೋಡಿ. ಕಾಯುವುದು ಸುಖವಾಯ್ತು, ಕಾದರೆ ಸಿಗುವ ಲಾಭವೂ ದೊಡ್ಡದಾಯ್ತು.

2005ರ ಅಂಕಿಗಳು ಹೇಳುವುದೇನು?

ಈ ನಿಯಮದಡಿ ನಡೆದದ್ದು ಒಂದೇ ಒಂದು ಕಾನ್‌ಕ್ಲೇವ್, 2005ರ ಏಪ್ರಿಲ್‌ನದ್ದು. ಮತದಾರರು 115. ಗೆಲ್ಲಲು 77 ಬೇಕು, ಅರ್ಧ ದಾಟಲು 58. ಜೋಸೆಫ್ ರಾಟ್ಸಿಂಗರ್ ನಾಲ್ಕನೇ ಸುತ್ತಿನಲ್ಲಿ ಗೆದ್ದು 16ನೇ ಬೆನೆಡಿಕ್ಟ್ ಆದರು.

ಮತಪತ್ರಗಳನ್ನು ಸುಡುತ್ತಾರೆ, ಒಳಗಿನದ್ದನ್ನು ಹೇಳಿದರೆ ಶಿಕ್ಷೆ ಇದೆ. ಹಾಗಿದ್ದರೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಟಲಿಯ ‘ಲಿಮೆಸ್’ ಪತ್ರಿಕೆಯಲ್ಲಿ ಹೆಸರಿಲ್ಲದ ಕಾರ್ಡಿನಲ್ ಒಬ್ಬರ ದಿನಚರಿ ಅಂತ ಕೆಲವು ಅಂಕಿಗಳು ಬಂದವು. ಅದರ ಪ್ರಕಾರ ನಾಲ್ಕು ಸುತ್ತುಗಳಲ್ಲಿ ರಾಟ್ಸಿಂಗರ್‌ಗೆ 47, 65, 72, 84. ಎರಡನೇ ಸ್ಥಾನದಲ್ಲಿದ್ದ ಅರ್ಜೆಂಟೀನಾದ ಬೆರ್ಗೊಗ್ಲಿಯೊಗೆ 10, 35, 40, 26. ಇದು ಅಧಿಕೃತ ದಾಖಲೆಯಲ್ಲ, ಆ ಎಚ್ಚರಿಕೆಯಿಂದಲೇ ಓದಬೇಕು.

ಆದರೂ ಮೂರನೇ ಸುತ್ತನ್ನು ನೋಡಿ. 72 ಅಂದ್ರೆ ಗೆಲುವಿಗೆ ಐದು ಕಡಿಮೆ. ಎದುರಿಗೆ 40. 115ರಲ್ಲಿ 39 ಮತ ಕೈಲಿದ್ದರೆ ಯಾರನ್ನೂ ತಡೆಯಬಹುದು. ತಡೆಯುವ ಶಕ್ತಿ ಅವರಿಗಿತ್ತು, ಒಂದು ಮತ ಹೆಚ್ಚೇ ಇತ್ತು. ಮಧ್ಯಾಹ್ನದ ಊಟದ ನಂತರ ಆ ಗುಂಪು ಕರಗಿತು.

ಯಾಕೆ? ಎರಡನೇ ಸುತ್ತಲ್ಲೇ 58 ದಾಟಿದ್ದ ರಾಟ್ಸಿಂಗರ್ ಬೆಂಬಲಿಗರಿಗೆ 34ನೇ ಸುತ್ತಿನ ಭರವಸೆ ಇತ್ತು, ಹಾಗಾಗಿ ತಡೆಯುವುದು ವ್ಯರ್ಥ ಅಂತ ಎದುರಿನವರಿಗೆ ಅನ್ನಿಸಿರಬಹುದು ಅನ್ನೋದು ಒಂದು ವಿವರಣೆ. ಇನ್ನೊಂದನ್ನು ಬೆರ್ಗೊಗ್ಲಿಯೊ ಅವರೇ, ಆ ಹೊತ್ತಿಗೆ ಪೋಪ್ ಫ್ರಾನ್ಸಿಸ್, 2024ರಲ್ಲಿ ಸ್ಪ್ಯಾನಿಷ್‌ನಲ್ಲಿ ಬಂದ ಒಂದು ಸಂದರ್ಶನ ಪುಸ್ತಕದಲ್ಲಿ ಹೇಳಿದರು. ತಮಗೆ 115ರಲ್ಲಿ 40 ಮತ ಬಂದಿದ್ದು ನಿಜ. ಕೆಲವರು ತಮ್ಮ ಹೆಸರನ್ನು ರಾಟ್ಸಿಂಗರ್ ಅವರನ್ನು ತಡೆಯಲು ಬಳಸುತ್ತಿದ್ದರು, ಆಮೇಲೆ ಮೂರನೆಯವರನ್ನು ತರುವ ಯೋಚನೆ ಅವರದ್ದು. ನನ್ನ ಹೆಸರಿಟ್ಟು ಆಡಬೇಡಿ ಅಂತ ತಾವೇ ತಡೆದರು, ತಮ್ಮ ಆಯ್ಕೆಯೂ ರಾಟ್ಸಿಂಗರ್ ಅವರೇ ಆಗಿತ್ತು.

ಒಬ್ಬ ಮನುಷ್ಯನ ನಿರ್ಧಾರವನ್ನು ನಿಯಮದ ಒತ್ತಡದಿಂದ ಬೇರ್ಪಡಿಸಿ ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ. ಆದರೆ ಸಮಸ್ಯೆ ಇರೋದೂ ಅಲ್ಲೇ. ನಿಯಮ ಹಾಗಿದ್ದಿದ್ದರಿಂದಲೇ ‘ಇವರು ಮನವೊಲಿಸಿ ಗೆದ್ದರೋ, ಕಾಯ್ತೀವಿ ಅಂತ ಹೆದರಿಸಿ ಗೆದ್ದರೋ’ ಅನ್ನೋ ಪ್ರಶ್ನೆಗೆ ಜಾಗ ಸಿಕ್ಕಿತು. ಒಳ್ಳೆಯ ಚುನಾವಣಾ ನಿಯಮ ಗೆದ್ದವರಿಗೆ ಕುರ್ಚಿಯ ಜೊತೆ ಅನುಮಾನದಿಂದ ಬಿಡುಗಡೆಯನ್ನೂ ಕೊಡಬೇಕು.

ತಾನು ಗೆದ್ದ ನಿಯಮವನ್ನೇ ತೆಗೆದ ಪೋಪ್

2007ರ ಜೂನ್‌ನಲ್ಲಿ ಬೆನೆಡಿಕ್ಟ್ ಆ ಬಾಗಿಲನ್ನು ಮುಚ್ಚಿದರು. ಎಷ್ಟೇ ಸುತ್ತಾದರೂ ಮೂರನೇ ಎರಡರಷ್ಟು ಬೇಕೇ ಬೇಕು ಅಂದರು. ತಾವೇ ಆಯ್ಕೆಯಾದ ನಿಯಮವನ್ನು ಅಧಿಕಾರಕ್ಕೆ ಬಂದ ಎರಡೇ ವರ್ಷದಲ್ಲಿ ಬದಲಿಸುವುದು ರಾಜಕಾರಣದಲ್ಲಿ ಅಪರೂಪ. ಹತ್ತಿದ ಏಣಿಯನ್ನು ಒದೆಯುವವರು ಸಾಮಾನ್ಯವಾಗಿ ಹಿಂದೆ ಬರುವವರನ್ನು ತಡೆಯಲು ಒದೆಯುತ್ತಾರೆ. ಇಲ್ಲಿ ಬೆನೆಡಿಕ್ಟ್ ಮುಂದಿನವರ ಗೆಲುವನ್ನು ಕಷ್ಟ ಮಾಡಿದರು, ಜೊತೆಗೆ ಅನುಮಾನಾತೀತವೂ ಮಾಡಿದರು. ಅವರ ಹಲವು ನಿಲುವುಗಳನ್ನು ಒಪ್ಪದ ನನಗೂ ಈ ಒಂದು ತಿದ್ದುಪಡಿ ಸರಿ ಅನ್ನಿಸುತ್ತದೆ.

ಆದರೆ ಈ ರಿಪೇರಿಯಲ್ಲೂ ಬಿರುಕಿದೆ. ಸುಮಾರು 33 ಸುತ್ತಿನ ನಂತರ ಕಣದಲ್ಲಿ ಹಿಂದಿನ ಸುತ್ತಿನ ಮೊದಲ ಇಬ್ಬರಷ್ಟೇ ಉಳಿಯುತ್ತಾರೆ. ಆ ಇಬ್ಬರು ಮತ ಹಾಕುವಂತಿಲ್ಲ. ಅವರಲ್ಲೊಬ್ಬರಿಗೆ ಮೂರನೇ ಎರಡರಷ್ಟು ಬೀಳಬೇಕು. ಎರಡು ವಾರ ಯಾರ ವಿಷಯದಲ್ಲಿ ಜಗಳವಾಯಿತೋ ಅವರಿಬ್ಬರನ್ನೇ ಮತ್ತೆ ಮುಂದಿಟ್ಟು ‘ಇವರಲ್ಲೇ ಆರಿಸಿ’ ಅಂದ್ರೆ? ಯಾರೂ ಬಗ್ಗದಿದ್ದರೆ ಹೊರಬರುವ ದಾರಿ ಆ ನಿಯಮದಲ್ಲಿ ಇಲ್ಲ. ಇತಿಹಾಸದಲ್ಲಿ ಕಗ್ಗಂಟು ಬಿಚ್ಚಿದ್ದು ಬಹುಪಾಲು ಮೂರನೆಯವರಿಂದ. 1978ರ ಅಕ್ಟೋಬರ್‌ನಲ್ಲಿ ಇಟಲಿಯ ಸಿರಿ ಮತ್ತು ಬೆನೆಲ್ಲಿ ಬಣಗಳು ಒಂದನ್ನೊಂದು ತಡೆದು ನಿಂತವು, ಎಂಟನೇ ಸುತ್ತಲ್ಲಿ ಪೋಲೆಂಡ್‌ನ ವೊಯ್ತಿವಾ ಗೆದ್ದರು ಅಂತ ಆಗಿನ ವರದಿಗಳು ಹೇಳಿದವು. ಆ ಮೂರನೆಯವರೇ ಮುಂದೆ ಎರಡನೇ ಜಾನ್ ಪಾಲ್. ಈಗಿನ ನಿಯಮ ಮೂರನೆಯವರು ಅತ್ಯಂತ ಬೇಕಾದ ಹೊತ್ತಲ್ಲೇ ಅವರಿಗೆ ಬಾಗಿಲು ಮುಚ್ಚುತ್ತದೆ.

ಎಣಿಸುವ ನಿಯಮ ಬಿಟ್ಟು, ಪಟ್ಟಿ ಬದಲಿಸಿದವರು

ಫ್ರಾನ್ಸಿಸ್ ಹನ್ನೆರಡು ವರ್ಷ ಪೋಪ್ ಆಗಿದ್ದರು. ಮತ ಎಣಿಕೆಯ ಈ ಲೆಕ್ಕವನ್ನು ಅವರು ಮುಟ್ಟಲಿಲ್ಲ. ಅವರು ಬದಲಿಸಿದ್ದು ಮತದಾರರನ್ನು. 2025ರಲ್ಲಿ ಮತ ಹಾಕಿದ 133 ಜನರಲ್ಲಿ 108 ಮಂದಿ ಅವರೇ ನೇಮಿಸಿದವರು. ಮಿಲಾನ್, ವೆನಿಸ್, ಪ್ಯಾರಿಸ್‌ನಂಥ ಹಳೆಯ ಪ್ರತಿಷ್ಠೆಯ ಪೀಠಗಳ ಬಿಷಪ್‌ಗಳಿಗೆ ಕೆಂಪು ಟೋಪಿ ಸಿಗಲಿಲ್ಲ. ಟೋಂಗಾ, ಮಂಗೋಲಿಯಾದಿಂದ ಕಾರ್ಡಿನಲ್‌ಗಳು ಬಂದರು. ಭಾರತದಿಂದ ನಾಲ್ವರು ಮತ ಹಾಕಿದರು: ಗೋವಾದ ಫಿಲಿಪ್ ನೇರಿ ಫೆರಾವೊ, ಹೈದರಾಬಾದ್‌ನ ಆಂಥೋನಿ ಪೂಲಾ, ಕೇರಳದ ಬಸೇಲಿಯೋಸ್ ಕ್ಲೀಮಿಸ್ ಮತ್ತು ಜಾರ್ಜ್ ಕೂವಕಾಡ್. ಪೂಲಾ ಕಾರ್ಡಿನಲ್ ಆದ ಮೊದಲ ದಲಿತ. ಇದು ಪ್ರಾತಿನಿಧ್ಯದ ದೃಷ್ಟಿಯಿಂದ ದೊಡ್ಡ ಹೆಜ್ಜೆ, ಇದನ್ನು ಲಘುವಾಗಿ ನೋಡಬಾರದು.

ಆದರೆ ಕಾನೂನು ಬೇರೆ ಮಾತಾಡುತ್ತದೆ. ಮತದಾರರ ಸಂಖ್ಯೆ 120 ಮೀರಬಾರದು ಅಂತ 1975ರ ನಿಯಮದಲ್ಲೂ 1996ರ ನಿಯಮದಲ್ಲೂ ಸ್ಪಷ್ಟವಾಗಿದೆ. ಎರಡನೇ ಜಾನ್ ಪಾಲ್ ಅದನ್ನು ಬರೆದು, 2001ರಲ್ಲಿ ತಾವೇ ಮೀರಿದರು. ಆಗ ಮತದಾರರು 135 ಆದರು. 2005ರ ಹೊತ್ತಿಗೆ ವಯಸ್ಸು, ಸಾವಿನಿಂದ ಸಂಖ್ಯೆ ಇಳಿದಿತ್ತು, ಪ್ರಶ್ನೆ ಏಳಲಿಲ್ಲ. 2025ರಲ್ಲಿ ಎದ್ದಿತು. ಏಪ್ರಿಲ್ 30ರಂದು ಕಾರ್ಡಿನಲ್‌ಗಳ ಸಭೆ ಒಂದು ಪ್ರಕಟಣೆ ಕೊಟ್ಟಿತು. 120ಕ್ಕಿಂತ ಹೆಚ್ಚು ಜನರನ್ನು ನೇಮಿಸಿದಾಗಲೇ ಫ್ರಾನ್ಸಿಸ್ ತಮ್ಮ ಪರಮಾಧಿಕಾರದಿಂದ ಆ ಮಿತಿಗೆ ವಿನಾಯ್ತಿ ಕೊಟ್ಟಂತಾಯ್ತು, ಹಾಗಾಗಿ ಎಲ್ಲರಿಗೂ ಮತದ ಹಕ್ಕಿದೆ ಅಂತ. ಸರಳವಾಗಿ ಹೇಳಬೇಕೆಂದರೆ, ಕಾನೂನು ಮುರಿದಿದ್ದೇ ಕಾನೂನಿಗೆ ಕೊಟ್ಟ ವಿನಾಯ್ತಿ. ಪೀಠ ಖಾಲಿ ಇರುವಾಗ ನಿಯಮ ತಿದ್ದುವ ಅಧಿಕಾರ ಕಾರ್ಡಿನಲ್‌ಗಳಿಗಿಲ್ಲ, ಅರ್ಥೈಸುವ ಅಧಿಕಾರವಷ್ಟೇ ಇದೆ. ಅವರು ಅರ್ಥೈಸಿದರು. ಬೇರೆ ದಾರಿಯೂ ಇರಲಿಲ್ಲ ಅನ್ನಿ. ಹೆಚ್ಚಾದವರಲ್ಲಿ ಯಾರನ್ನು ಹೊರಗಿಡುವುದು?

ಪಟ್ಟಿಯಲ್ಲಿ ಒಂದು ದಿನದ ಬೆಲೆಯೂ ಎಷ್ಟಿದೆ ನೋಡಿ. 80 ತುಂಬಿದವರು ಮತ ಹಾಕುವಂತಿಲ್ಲ ಅಂತ ಆರನೇ ಪಾಲ್ 1970ರಲ್ಲಿ ಆದೇಶಿಸಿದರು. ಈಗಿನ ನಿಯಮದಲ್ಲಿ ವಯಸ್ಸು ಲೆಕ್ಕ ಹಾಕೋದು ಪೀಠ ಖಾಲಿಯಾಗುವ ದಿನಕ್ಕೆ. ಬೆನೆಡಿಕ್ಟ್ 2013ರ ಫೆಬ್ರವರಿ 28ಕ್ಕೆ ರಾಜೀನಾಮೆ ಕೊಟ್ಟರು. ಉಕ್ರೇನ್‌ನ ಹುಸಾರ್ ಅವರಿಗೆ ಎರಡು ದಿನ ಮುಂಚೆ 80 ತುಂಬಿತ್ತು, ಅವರು ಹೊರಗೆ. ಜರ್ಮನಿಯ ಕಾಸ್ಪರ್ ಅವರಿಗೆ ಐದು ದಿನ ತಡವಾಗಿ ತುಂಬಿತು, ಅವರು ಒಳಗೆ. ಅದೇ ಕಾನ್‌ಕ್ಲೇವ್‌ನಲ್ಲಿ ಐದನೇ ಸುತ್ತಿಗೆ ಬೆರ್ಗೊಗ್ಲಿಯೊ ಪೋಪ್ ಆದರು.

ನಿಯಮ ಬರೆಯುವ ಕೈ ಒಂದೇ

ಇಷ್ಟೆಲ್ಲ ಬದಲಾವಣೆಗಳಲ್ಲಿ ಬದಲಾಗದೇ ಉಳಿದಿರೋದು ಏನು? ಈಗಿನ ಪೋಪ್ ಒಬ್ಬರೇ ಮುಂದಿನ ಪೋಪ್ ಆಯ್ಕೆಯ ನಿಯಮ ಬರೆಯುತ್ತಾರೆ, ಮತದಾರರನ್ನೂ ಅವರೇ ನೇಮಿಸುತ್ತಾರೆ. ಅದನ್ನು ಪ್ರಶ್ನಿಸಲು ಸಂಸತ್ತಿಲ್ಲ, ಕೋರ್ಟಿಲ್ಲ. ಜಗತ್ತಿನ ಸುಮಾರು 140 ಕೋಟಿ ಕ್ಯಾಥೋಲಿಕರ ಪರವಾಗಿ 133 ಗಂಡಸರು ಮತ ಹಾಕಿದರು. 2023ರ ಅಕ್ಟೋಬರ್‌ನ ಸಿನಡ್ ಸಭೆಯಲ್ಲಿ ಮೊದಲ ಸಲ ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿತು. ಆದರೆ ಅದು ಸಲಹೆ ಕೊಡುವ ಸಭೆ, ಪೋಪ್ ಆಯ್ಕೆಯ ಕೋಣೆಗೆ ಅವರಿನ್ನೂ ಹೊರಗಿನವರೇ.

ಚರ್ಚ್ ಪ್ರಜಾಪ್ರಭುತ್ವ ಅಲ್ಲ, ತಾನು ಹಾಗೆ ಹೇಳಿಕೊಂಡೂ ಇಲ್ಲ. ಆ ಕಾರಣಕ್ಕೇ ಮೂರನೇ ಎರಡರ ನಿಯಮ ಅಲ್ಲಿ ಹೆಚ್ಚು ಮುಖ್ಯ ಅಂತ ನಾನು ಹೇಳೋದು. ಪೋಪ್ ಅನ್ನು ಐದು ವರ್ಷಕ್ಕೊಮ್ಮೆ ಇಳಿಸುವಂತಿಲ್ಲ, ಅವಿಶ್ವಾಸ ನಿರ್ಣಯ ಇಲ್ಲ. ಹೊರಹೋಗುವ ಬಾಗಿಲಲ್ಲಿ ತಡೆ ಇಲ್ಲದ ಕಡೆ ಒಳಬರುವ ಬಾಗಿಲಲ್ಲಾದರೂ ಗಟ್ಟಿ ತಡೆ ಇರಬೇಕು.

ನಮಗೆ ಈ ಲೆಕ್ಕ ಹೊಸದೇನಲ್ಲ. 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಏಕಕಾಲದ ಚುನಾವಣೆಯ ಸಂವಿಧಾನ ತಿದ್ದುಪಡಿ ಮಸೂದೆ ಮಂಡನೆಗೆ 269 ಮತ ಪರ, 198 ವಿರುದ್ಧ ಬಿದ್ದವು. ಮಂಡಿಸಲು ಅಷ್ಟು ಸಾಕಿತ್ತು. ಅಂಗೀಕಾರಕ್ಕೆ 368ನೇ ವಿಧಿಯಡಿ ಹಾಜರಿದ್ದು ಮತ ಹಾಕುವವರ ಮೂರನೇ ಎರಡರಷ್ಟು ಬೇಕು. ಅಂದಿನ ಅಂಕಿಗಳಲ್ಲಿ ಅದು ಆಗುತ್ತಿರಲಿಲ್ಲ. ‘ಬಹುಮತ ಇದೆಯಲ್ಲ, ಇನ್ನೇನು’ ಅನ್ನೋ ಮಾತಿಗೆ ಸಂವಿಧಾನ ಕೊಡುವ ಉತ್ತರವೂ ಇದೇ: ಕೆಲವು ತೀರ್ಮಾನಗಳಿಗೆ ನಿಮ್ಮವರಷ್ಟೇ ಸಾಲದು, ಎದುರಿನವರೂ ಬೇಕು.

14ನೇ ಲಿಯೋ ಕೈಯಲ್ಲಿ ಈಗ ಆ ಪೆನ್ನಿದೆ. ಕೊನೆಯ ಇಬ್ಬರ ಸ್ಪರ್ಧೆಯ ನಿಯಮವನ್ನು ತೆಗೆದು, ಮೂರನೆಯವರಿಗೆ ಕೊನೆಯವರೆಗೂ ಜಾಗ ಬಿಡಬಹುದು. 120ರ ಮಿತಿಯನ್ನು ಒಂದೋ ಪಾಲಿಸಬಹುದು, ಇಲ್ಲವೇ ಪ್ರಾಮಾಣಿಕವಾಗಿ ತಿದ್ದಿ 140 ಅನ್ನಬಹುದು. ಎರಡಕ್ಕೂ ಒಂದು ಪುಟದ ಆದೇಶ ಸಾಕು. ಅದನ್ನು ಬರೆಯಬೇಕಾದ ಸಮಯ ಈಗ, ಮುಂದಿನ ಅಭ್ಯರ್ಥಿ ಯಾರು ಅಂತ ಯಾರಿಗೂ ಗೊತ್ತಿಲ್ಲದಿರುವಾಗ. ಹೆಸರುಗಳು ಓಡಾಡೋಕೆ ಶುರುವಾದ ಮೇಲೆ ತಿದ್ದುವ ಪ್ರತಿ ನಿಯಮದ ಹಿಂದೆಯೂ ಜನ ಒಂದು ಮುಖವನ್ನು ಹುಡುಕುತ್ತಾರೆ.